ಜೇಬಿನಳತೆಯ ಜಿದ್ದು

ಭಾನುವಾರ ಬೆಳಿಗ್ಗೆ ಆರೂವರೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಮೇಲಂತಸ್ತಿನ ಕಟಕಟೆಗೆ ಒರಗಿ ನಿಂತರೆ ಕೆಳಗೆ ಹೂವಿನ ಸಂತೆ. ಸೇವಂತಿಗೆಯ ಹಳದಿ ರಾಶಿ, ಕನಕಾಂಬರದ ಕೇಸರಿ, ತಲೆಯ ಮೇಲೆ ಮೂಟೆ ಹೊತ್ತು 'ದಾರಿ ದಾರಿ' ಎನ್ನುತ್ತ ನುಗ್ಗುವ ಹಮಾಲರು. ಈ ಗದ್ದಲದಲ್ಲಿ ಹೂವು ಮಾರದ, ಕೊಳ್ಳದ ಮೂರನೆಯ ಗುಂಪೊಂದು ಓಡಾಡುತ್ತಿರುತ್ತದೆ. ಫೋಟೊದವರು.

ಮೊಣಕೈಯುದ್ದದ ಲೆನ್ಸ್ ಸಿಕ್ಕಿಸಿದ ಕ್ಯಾಮೆರಾ ಮೇಲೆದ್ದರೆ ಸಾಕು, ಹೂ ಕಟ್ಟುತ್ತಿದ್ದಾಕೆಯ ಬೆರಳು ನಿಂತು ಸೆರಗು ಸರಿಯಾಗುತ್ತದೆ. ಪಕ್ಕದವನು 'ಇನ್ನೂ ಬೋಣಿ ಆಗಿಲ್ಲ ಸಾರ್, ಆಮೇಲ್ ತೆಗೀರಿ' ಎಂದು ಕೈಯಾಡಿಸುತ್ತಾನೆ. ಅಷ್ಟರಲ್ಲಿ ಎರಡು ಹೆಜ್ಜೆ ಆಚೆ ನಿಂತ ಹುಡುಗಿಯೊಬ್ಬಳು ಸೋಪಿನ ಡಬ್ಬಿಯಷ್ಟಿರುವ ಕಪ್ಪು ವಸ್ತುವೊಂದನ್ನು ಎದೆಮಟ್ಟಕ್ಕೆ ಹಿಡಿದು, ಕಣ್ಣಿಗೆ ಒತ್ತಿಕೊಳ್ಳದೆಯೇ ಐದಾರು ಚಿತ್ರ ತೆಗೆದು ಮುಗಿಸಿರುತ್ತಾಳೆ. ಯಾರೂ ತಿರುಗಿ ನೋಡಿರುವುದಿಲ್ಲ.

ಆ ಸೋಪಿನ ಡಬ್ಬಿಯ ದುಡ್ಡಿಗೆ ಒಂದು ಸ್ಕೂಟರ್ ಬರುತ್ತದೆ ಎಂದರೆ ಹೂವಿನಾಕೆ ನಂಬಲಿಕ್ಕಿಲ್ಲ. ನಂಬದಿರುವುದು ನ್ಯಾಯವೇ. ಎಲ್ಲರ ಕೈಯಲ್ಲೂ ಫೋನಿದೆ, ಅದರಲ್ಲೊಂದಲ್ಲ ಮೂರು ಕ್ಯಾಮೆರಾ ಇವೆ. ಹಾಗಿದ್ದೂ ಲಕ್ಷ ರೂಪಾಯಿಯ ಪುಟ್ಟ ಕ್ಯಾಮೆರಾಕ್ಕೆ ಜನ ತಿಂಗಳುಗಟ್ಟಲೆ ಸರತಿಯಲ್ಲಿ ಕಾಯುತ್ತಾರೆ. ಸೋನಿ ಒಳ್ಳೆಯದೋ, ರಿಕೋ ಒಳ್ಳೆಯದೋ, ಫ್ಯೂಜಿಫಿಲ್ಮ್ ಒಳ್ಳೆಯದೋ ಎಂದು ಅಣ್ಣತಮ್ಮಂದಿರ ಆಸ್ತಿ ಜಗಳದಷ್ಟು ಹುರುಪಿನಿಂದ ವಾದಿಸುತ್ತಾರೆ. ಆ ವಾದ ಅರ್ಥವಾಗಬೇಕಾದರೆ ಪ್ರತಿ ಕಂಪನಿ ಏನು ಕೊಟ್ಟಿದೆ ಎಂಬುದರ ಜೊತೆಗೆ ಏನನ್ನು ಕೈಬಿಟ್ಟಿದೆ ಎಂಬುದನ್ನೂ ನೋಡಬೇಕು.

ಫೋನು ನುಂಗಿದ್ದು, ಬಿಟ್ಟದ್ದು

ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದ ಪ್ರಕಾರ 2010ರಲ್ಲಿ ಕಾರ್ಖಾನೆಗಳಿಂದ ಹೊರಟ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. ಅದರಲ್ಲಿ 10 ಕೋಟಿಗೂ ಮಿಕ್ಕಿದ್ದು ಲೆನ್ಸ್ ಕಳಚಲು ಬಾರದ ಪುಟಾಣಿಗಳು. ಮದುವೆ, ನಾಮಕರಣ, ಧರ್ಮಸ್ಥಳದ ಪ್ರವಾಸ, ಎಲ್ಲಕ್ಕೂ ಕೈಪಟ್ಟಿಯಲ್ಲಿ ನೇತಾಡುತ್ತಿದ್ದ ಬೆಳ್ಳಿಬಣ್ಣದ ಡಬ್ಬಿಗಳು. 2023ಕ್ಕೆ ಒಟ್ಟು ಲೆಕ್ಕ ಸುಮಾರು 77 ಲಕ್ಷಕ್ಕೆ ಇಳಿದಿತ್ತು. ಪುಟಾಣಿಗಳು ಸುಮಾರು 17 ಲಕ್ಷ.

ಆರೇಳು ಸಾವಿರದ ಕ್ಯಾಮೆರಾ ಮಾಡುತ್ತಿದ್ದ ಕೆಲಸವನ್ನು ಫೋನು ಪೂರ್ತಿ ನುಂಗಿತು. ತಯಾರಕರಿಗೆ ಉಳಿದದ್ದು ಒಂದೇ ದಾರಿ: ಫೋನಿನ ಕೈಲಾಗದ್ದನ್ನು ಮಾಡುವುದು, ಅದಕ್ಕೆ ತಕ್ಕ ಬೆಲೆ ಕೇಳುವುದು. ಆ ದಾರಿಗೆ ಬರುವ ಮೊದಲು ಅವರು ಒಂದು ಹಳೆಯ ಚಟ ಬಿಡಬೇಕಿತ್ತು.

ಅಂಕಿ ಇಳಿದ ವರ್ಷ

ಚಟ ಎಂದರೆ ಮೆಗಾಪಿಕ್ಸೆಲ್. ಅಂಗಡಿಯವನು ಡಬ್ಬಿಯ ಮೇಲಿನ ಅಂಕಿ ತೋರಿಸಿ 'ಇದು ಎಂಟು, ಇದು ಹನ್ನೆರಡು' ಎಂದರೆ ಗಿರಾಕಿಯ ಕೈ ಹನ್ನೆರಡರ ಕಡೆಗೇ ಹೋಗುತ್ತಿತ್ತು. ಕ್ಯಾನನ್ 2008ರಲ್ಲಿ ತಂದ ಜಿ10 ಎಂಬ ದುಬಾರಿ ಕಾಂಪ್ಯಾಕ್ಟಿನಲ್ಲಿ 14.7 ಮೆಗಾಪಿಕ್ಸೆಲ್ ಇತ್ತು. ಬಿಸಿಲಲ್ಲಿ ಚಿತ್ರ ಸೊಗಸು. ಸಂಜೆಯಾಯಿತೋ, ಚಿತ್ರದ ಮೇಲೆ ರಾಗಿಹಿಟ್ಟು ಉದುರಿಸಿದಂತೆ ಕಾಳುಕಾಳು.

ಅದೇ ವರ್ಷ ಪ್ಯಾನಸಾನಿಕ್ ತಂದ ಎಲ್ಎಕ್ಸ್3ರಲ್ಲಿ ಇದ್ದದ್ದು ಹತ್ತೇ ಮೆಗಾಪಿಕ್ಸೆಲ್. ಬದಲಿಗೆ ಎಫ್ 2ರಷ್ಟು ಬಾಯಿ ತೆರೆಯುವ ಲೆನ್ಸ್ ಕೊಟ್ಟಿದ್ದರು; ಎಫ್ ಸಂಖ್ಯೆ ಸಣ್ಣದಾದಷ್ಟೂ ಬಾಯಿ ದೊಡ್ಡದು. (ಇದೇ ಕ್ಯಾಮೆರಾ ಅಂಗಿ ಬದಲಿಸಿ, ಕೆಂಪು ಬೊಟ್ಟಿಟ್ಟುಕೊಂಡು ಲೈಕಾ ಹೆಸರಿನಲ್ಲಿ ಹೆಚ್ಚಿನ ಬೆಲೆಗೂ ಮಾರಾಟವಾಯಿತು. ಕೊಂಡವರು ಸುಖವಾಗಿದ್ದರು.) ಮರುವರ್ಷ ಕ್ಯಾನನ್ ಅಪರೂಪದ ಕೆಲಸ ಮಾಡಿತು. ಹೊಸ ಜಿ11ರಲ್ಲಿ ಮೆಗಾಪಿಕ್ಸೆಲ್ಲನ್ನು ಹತ್ತಕ್ಕೆ ಇಳಿಸಿತು. ಅದರ ಜೊತೆಗೇ ಬಂದ, ಅಂಗಿಜೇಬಿಗೂ ಹಿಡಿಸುವ ಎಸ್90ಕ್ಕೂ ಹತ್ತೇ. ಹೊಸ ಮಾದರಿಗೆ ಹಳೆಯದಕ್ಕಿಂತ ಸಣ್ಣ ಅಂಕಿ ಹಾಕಿ ಮಾರುವುದಕ್ಕೆ ಎದೆಗಾರಿಕೆ ಬೇಕು. ದುಬಾರಿ ಕಾಂಪ್ಯಾಕ್ಟುಗಳ ಈಗಿನ ಕಥೆ ಅಲ್ಲಿಂದ ಶುರು ಎಂದು ನನ್ನ ಎಣಿಕೆ.

ಅಡಿಕೆ ಅಂಗಳ

ಅಂಕಿ ಇಳಿಸಿದ್ದೇಕೆ? ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಿಸಿಲು ಎಲ್ಲರ ಮನೆಯ ಮೇಲೂ ಒಂದೇ ಸಮ ಬೀಳುತ್ತದೆ. ಅಂಗಳ ದೊಡ್ಡದಿದ್ದವನ ಅಡಿಕೆ ಹೆಚ್ಚು ಒಣಗುತ್ತದೆ. ಸಣ್ಣ ಅಂಗಳದಲ್ಲಿ ರಾಶಿ ಹರಡಿದರೆ ಒಂದರ ಮೇಲೊಂದು ಬಿದ್ದು ಬೂಸಲು ಹಿಡಿಯುತ್ತದೆ. ಕ್ಯಾಮೆರಾದ ಸೆನ್ಸರ್ ಎಂದರೆ ಬೆಳಕಿನ ಅಂಗಳ. ಜಿ10ರ ಅಂಗಳ ಹೆಚ್ಚುಕಡಿಮೆ 7.6 ಮಿ.ಮೀ. ಉದ್ದ, 5.7 ಮಿ.ಮೀ. ಅಗಲ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟರಲ್ಲಿ ಒಂದೂವರೆ ಕೋಟಿ ಚುಕ್ಕೆ ಹರಡಿದರೆ ಒಂದೊಂದಕ್ಕೂ ಸಿಗುವ ಬೆಳಕು ಎಷ್ಟು?

ಹತ್ತಕ್ಕೆ ಇಳಿಸಿದ್ದು ತಾತ್ಕಾಲಿಕ ಮದ್ದು. ನಿಜವಾದ ಮದ್ದು ಅಂಗಳವನ್ನೇ ದೊಡ್ಡದು ಮಾಡುವುದು. 2012ರಲ್ಲಿ ಸೋನಿ ಆರ್‌ಎಕ್ಸ್100 ಎಂಬ 240 ಗ್ರಾಮಿನ ಕ್ಯಾಮೆರಾ ತಂದಿತು. ಅದರೊಳಗೆ 13.2 ಮಿ.ಮೀ. ಉದ್ದ, 8.8 ಮಿ.ಮೀ. ಅಗಲದ ಸೆನ್ಸರ್, ಅಂದರೆ ಹಳೆಯದರ ಎರಡೂವರೆ ಪಟ್ಟಿಗಿಂತ ಹೆಚ್ಚು ಜಾಗ. ಅಮೆರಿಕದ ಟೈಮ್ ಪತ್ರಿಕೆ ಆ ವರ್ಷದ ಅತ್ಯುತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು. ಕ್ಯಾನನ್ ಎರಡು ವರ್ಷ ಬಿಟ್ಟು ಇದೇ ಅಳತೆಯ ಸೆನ್ಸರ್ ಇಟ್ಟು ಜಿ7ಎಕ್ಸ್ ತಂದಿತು. ಸೆನ್ಸರ್ ತಯಾರಿಕೆಯಲ್ಲಿ ಸೋನಿಯದೇ ಮೇಲುಗೈ, ಅದರ ಎದುರಾಳಿಗಳಲ್ಲಿ ಹಲವರು ಅದರ ಗಿರಾಕಿಗಳೂ ಹೌದು. ಎದುರುಬದುರಿನ ಹೋಟೆಲಿನವರು ಒಂದೇ ಗಿರಣಿಯಿಂದ ಹಿಟ್ಟು ತಂದಂತೆ.

ಈ ಸೆನ್ಸರನ್ನು 'ಒಂದಿಂಚಿನದು' ಎನ್ನುತ್ತಾರೆ. ಅಳತೆಪಟ್ಟಿ ಹಿಡಿದು ನೋಡಿ, ಮೂಲೆಯಿಂದ ಮೂಲೆಗೆ 16 ಮಿ.ಮೀ. ಕೂಡ ಇಲ್ಲ. ಇಂಚಿಗೆ 25.4 ಮಿ.ಮೀ. ಅಲ್ಲವೇ? ಹಿಂದೆ ಟಿ.ವಿ. ಕ್ಯಾಮೆರಾಗಳಲ್ಲಿ ಗಾಜಿನ ಕೊಳವೆ ಇರುತ್ತಿತ್ತು, ಆ ಕೊಳವೆಯ ಹೊರಸುತ್ತಿನ ವ್ಯಾಸವನ್ನು ಹೇಳುವುದು ರೂಢಿ. ಚಿತ್ರ ಮೂಡುತ್ತಿದ್ದುದು ಅದರ ಒಳಗಿನ ಸ್ವಲ್ಪ ಜಾಗದಲ್ಲಿ. ಕೊಳವೆ ಹೋಯಿತು, ಲೆಕ್ಕ ಉಳಿಯಿತು. ಬೆಂಗಳೂರಿನ ಫ್ಲ್ಯಾಟ್ ಮಾರುವವರು ಮೆಟ್ಟಿಲು, ಲಿಫ್ಟು, ಮೊಗಸಾಲೆ ಎಲ್ಲ ಸೇರಿಸಿ ಹೇಳುವ 'ಸೂಪರ್ ಬಿಲ್ಟಪ್' ಚದರಡಿಯ ಹಾಗೆ ಇದು.

ರಿಕೋ, ಫ್ಯೂಜಿಫಿಲ್ಮ್ ಇನ್ನೂ ಮುಂದೆ ಹೋದವು. ದೊಡ್ಡ ಕ್ಯಾಮೆರಾಗಳಲ್ಲಿ ಬಳಸುವ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರನ್ನೇ ಒಳಗಿಟ್ಟವು. ಅದು ಹೆಚ್ಚುಕಡಿಮೆ 23.5 ಮಿ.ಮೀ. ಉದ್ದ, 15.6 ಮಿ.ಮೀ. ಅಗಲ. ಸೋನಿಯ 'ಒಂದಿಂಚಿ'ಗೆ ಹೋಲಿಸಿದರೆ ಮೂರು ಪಟ್ಟು ಅಂಗಳ. ಹಾಗಾದರೆ ಸೋನಿ ಏಕೆ ಸಣ್ಣದಕ್ಕೇ ನಿಂತಿತು?

ಮೂಗಿಗಿಂತ ಮೂಗುತಿ ಭಾರ

ಉತ್ತರ ಲೆನ್ಸಿನಲ್ಲಿದೆ. ಸೆನ್ಸರ್ ಹಿಗ್ಗಿದಷ್ಟೂ ಅದನ್ನು ತುಂಬಿಸುವ ಲೆನ್ಸೂ ಹಿಗ್ಗಬೇಕು. 2019ರಲ್ಲಿ ಬಂದ ಆರ್‌ಎಕ್ಸ್100ರ ಏಳನೆಯ ಆವೃತ್ತಿ ಅಗಲ ನೋಟದಿಂದ ಹಿಡಿದು, ಶಾಲಾ ವಾರ್ಷಿಕೋತ್ಸವದ ಹಿಂದಿನ ಸಾಲಿನಲ್ಲಿ ಕೂತು ವೇದಿಕೆಯ ಮೇಲಿನ ಮಗಳ ಮುಖ ಎಳೆದುಕೊಳ್ಳುವಷ್ಟು ಜೂಮ್ ಮಾಡುತ್ತದೆ. ಫಿಲ್ಮ್ ಕಾಲದ ಲೆಕ್ಕದಲ್ಲಿ 24ರಿಂದ 200 ಮಿ.ಮೀ. ಸಣ್ಣ ಸೆನ್ಸರ್ ಆದ್ದರಿಂದ ಅಷ್ಟು ದೂರದ ನೋಟಕ್ಕೆ ಅದಕ್ಕೆ ನಿಜವಾಗಿ ಬೇಕಾಗುವುದು 72 ಮಿ.ಮೀ. ಸಂಗಮದೂರದ ಲೆನ್ಸ್. ಅದೇ ನೋಟವನ್ನು ರಿಕೋ, ಫ್ಯೂಜಿಯ ಸೆನ್ಸರಿಗೆ ಕೊಡಬೇಕೆಂದರೆ 133 ಮಿ.ಮೀ. ಬೇಕು. ಗಾಜು ದಪ್ಪವಾಗುತ್ತದೆ, ಕೊಳವೆ ಉದ್ದವಾಗುತ್ತದೆ, ಜೇಬಿನ ಮಾತು ಅಲ್ಲಿಗೆ ಮುಗಿಯಿತು.

ಎರಡನ್ನೂ ಕೊಡುತ್ತೇವೆಂದು ಹೊರಟವರಿದ್ದಾರೆ. 2017ರಲ್ಲಿ ಕ್ಯಾನನ್ ಜಿ1ಎಕ್ಸ್ ಸಾಲಿನ ಮೂರನೆಯ ಕ್ಯಾಮೆರಾಕ್ಕೆ ದೊಡ್ಡ ಸೆನ್ಸರೂ ಕೊಟ್ಟಿತು, ಮೂರು ಪಟ್ಟಿನ ಜೂಮೂ ಕೊಟ್ಟಿತು. ಆದರೆ ಗಾತ್ರ ಹದ್ದಿನಲ್ಲಿಡಲು ಲೆನ್ಸಿನ ಬಾಯಿಯನ್ನು ಕಿರಿದು ಮಾಡಬೇಕಾಯಿತು. ಜೂಮ್ ಪೂರ್ತಿ ಎಳೆದರೆ ಎಫ್ 5.6. ದೊಡ್ಡ ಅಂಗಳ ಕೊಟ್ಟು ಮೇಲೆ ಚಪ್ಪರ ಹಾಕಿದಂತಾಯಿತು. ತೂಕ ಆಗಲೇ 400 ಗ್ರಾಮಿನ ಹತ್ತಿರ. ದೊಡ್ಡ ಸೆನ್ಸರ್, ಜೂಮ್, ಜೇಬು: ಈ ಮೂರರಲ್ಲಿ ಎರಡು ಕೇಳಬಹುದು, ಮೂರನೆಯದನ್ನು ಕೇಳಿದರೆ ಭೌತಶಾಸ್ತ್ರ ಒಪ್ಪುವುದಿಲ್ಲ.

ಜೂಮಿಗೆ ಇನ್ನೊಂದು ಬಾಧೆಯಿದೆ. ಒಂದರೊಳಗೊಂದು ಸೇರುವ ಕೊಳವೆಗಳು ಸ್ವಿಚ್ ಒತ್ತಿದಾಗಲೆಲ್ಲ ಹೊರಬಂದು ಒಳಹೋಗಬೇಕು. ಹಿಂದೆ ನನ್ನ ಬಳಿ ಇಂಥದ್ದೊಂದು ಕ್ಯಾಮೆರಾ ಇತ್ತು, ಯಾವ ಕಂಪನಿಯದು ಎಂಬುದು ಬೇಡ. ಶಿರಸಿ ಕಡೆಯ ಒಂದು ಮದುವೆ, ಅಂತಃಪಟ ಸರಿಯುವ ಹೊತ್ತು, ಭಟ್ಟರ ಸ್ವರ ಏರಿದೆ. ನಾನು ಸ್ವಿಚ್ ಒತ್ತಿದೆ. ಕೊಳವೆ ಅರ್ಧ ಬಂದು, ಕರ್ರೆಂದು ಸದ್ದು ಮಾಡಿ, ಆಮೆಯ ಕುತ್ತಿಗೆಯಂತೆ ಅಲ್ಲೇ ನಿಂತಿತು. ಹಿಂದಿನ ವಾರ ಕಡಲ ತೀರದಲ್ಲಿ ಜೇಬಿಗೆ ಸೇರಿದ್ದ ಮರಳಿನ ಕಣವೊಂದು ಸಾಕಾಗಿತ್ತು. ವಧೂವರರ ಮೇಲೆ ಅಕ್ಷತೆ ಬಿತ್ತು, ನನ್ನ ಚಿತ್ರದಲ್ಲಿ ಅಲ್ಲ. 'ಎಂತದೂ ಇಲ್ಲೆ ಬಿಡು ಭಾವಾ, ಫೋನಲ್ಲಿ ತೆಗದ್ದೆ' ಎಂದು ಹೆಂಡತಿಯ ತಮ್ಮ ಸಮಾಧಾನ ಹೇಳಿದ. ಆ ಸಮಾಧಾನ ಇನ್ನೂ ಚುಚ್ಚುತ್ತದೆ.

ರಿಕೋದ ಹಟ

ರಿಕೋ ಜೂಮನ್ನೇ ಬಿಟ್ಟಿತು. ಅದು ಇವತ್ತಿನ ಹಟವಲ್ಲ. 1996ರಲ್ಲಿ ಫಿಲ್ಮ್ ಕ್ಯಾಮೆರಾ ಜಿಆರ್1 ಬಂದಾಗಲೇ ಅದಕ್ಕೆ 28 ಮಿ.ಮೀ.ಯ ಒಂದೇ ನೋಟ. ಟೋಕಿಯೋದ ಬೀದಿಗಳನ್ನು ಕರಿಬಿಳುಪಿನಲ್ಲಿ, ಒರಟೊರಟಾಗಿ ಹಿಡಿದ ದೈದೋ ಮೊರಿಯಾಮ ಈ ಸಾಲಿನ ಕ್ಯಾಮೆರಾಗಳನ್ನು ಹಿಡಿದು ಓಡಾಡಿದವರು. 2005ರಲ್ಲಿ ಜಿಆರ್ ಡಿಜಿಟಲ್ ಆಯಿತು, 2013ರಲ್ಲಿ ದೊಡ್ಡ ಸೆನ್ಸರ್ ಪಡೆಯಿತು.

ಆ 2013ರ ವಸಂತ ಕ್ಯಾಮೆರಾ ಲೋಕದಲ್ಲಿ ನೇರ ಕುಸ್ತಿಯ ಕಾಲ. ಮಾರ್ಚ್‌ನಲ್ಲಿ ನಿಕಾನ್ ಕೂಲ್‌ಪಿಕ್ಸ್ ಎ ಎಂಬುದನ್ನು ಪ್ರಕಟಿಸಿತು: 16 ಮೆಗಾಪಿಕ್ಸೆಲ್, 28 ಮಿ.ಮೀ. ನೋಟ, ಎಫ್ 2.8. ಅಮೆರಿಕದಲ್ಲಿ ಬೆಲೆ ಸುಮಾರು 1,100 ಡಾಲರ್. ಮರುತಿಂಗಳು ರಿಕೋ ಜಿಆರ್: 16 ಮೆಗಾಪಿಕ್ಸೆಲ್, 28 ಮಿ.ಮೀ., ಎಫ್ 2.8. ಬೆಲೆ ಸುಮಾರು 800 ಡಾಲರ್. ನಿಕಾನ್ ಆ ಸಾಲನ್ನು ಮುಂದುವರಿಸಲೇ ಇಲ್ಲ. 2016ರಲ್ಲಿ ಡಿಎಲ್ ಎಂಬ ಮೂರು ಒಂದಿಂಚಿನ ಕಾಂಪ್ಯಾಕ್ಟುಗಳನ್ನು ಪ್ರಕಟಿಸಿ, ಒಂದನ್ನೂ ಅಂಗಡಿಗೆ ಕಳಿಸದೆ ಮರುವರ್ಷ ಕೈಬಿಟ್ಟಿತು. ಕೂಸು ಹುಟ್ಟುವ ಮುಂಚಿನ ಕುಲಾವಿ.

2019ರ ಜಿಆರ್ ಮೂರನೆಯ ಆವೃತ್ತಿ ಬ್ಯಾಟರಿ, ಕಾರ್ಡು ಸೇರಿ 257 ಗ್ರಾಮ್. ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ. ಹಿಂದಿನದರಲ್ಲಿದ್ದ ಪುಟ್ಟ ಫ್ಲ್ಯಾಶನ್ನೂ ತೆಗೆದುಹಾಕಿದರು. ಬ್ಯಾಟರಿ ಕಂಪನಿಯ ಲೆಕ್ಕದಲ್ಲೇ 200 ಚಿತ್ರಕ್ಕೆ ಸುಸ್ತು. ಮಳೆ ತಡೆಯುವ ರಕ್ಷಣೆಯಿಲ್ಲ, ಧೂಳು ಒಳಸೇರುತ್ತದೆಂಬ ದೂರು ಈ ಸಾಲಿಗೆ ಹಳೆಯ ನೆಂಟ. ಇಷ್ಟೆಲ್ಲ ಇಲ್ಲಗಳ ನಡುವೆ ಇರುವ ಒಂದು ಸೌಕರ್ಯಕ್ಕೆ ಬೀದಿ ಫೋಟೊದವರು ಪ್ರಾಣ ಬಿಡುತ್ತಾರೆ. ಅದರ ಹೆಸರು ಸ್ನ್ಯಾಪ್ ಫೋಕಸ್.

ಸಾಮಾನ್ಯವಾಗಿ ಗುಂಡಿ ಒತ್ತಿದಾಗ ಕ್ಯಾಮೆರಾ ಮೊದಲು ಫೋಕಸ್ ಹುಡುಕುತ್ತದೆ, ಆಮೇಲೆ ಚಿತ್ರ ತೆಗೆಯುತ್ತದೆ. ಜಿಆರ್‌ಗೆ ನೀವು ಮೊದಲೇ 'ಎರಡು ಮೀಟರ್' ಎಂದು ಹೇಳಿಡಬಹುದು. ಒಮ್ಮೆಗೇ ಒತ್ತಿದರೆ ಹುಡುಕಾಟವಿಲ್ಲ, ಅಲ್ಲಿಗೇ ಹೋಗಿ ನಿಲ್ಲುತ್ತದೆ. ಎಫ್ 8ರಲ್ಲಿ ಎರಡು ಮೀಟರಿಗೆ ಇಟ್ಟರೆ ಹೆಚ್ಚುಕಡಿಮೆ ಒಂದು ಮೀಟರಿನಿಂದ ಹಿಡಿದು ದೂರದ ಗೋಪುರದವರೆಗೆ ಎಲ್ಲವೂ ಸ್ಪಷ್ಟ. ಮಾರುಕಟ್ಟೆಯ ಹುಡುಗಿ ಕಣ್ಣಿಗೆ ಒತ್ತಿಕೊಳ್ಳದೆ ಚಿತ್ರ ತೆಗೆದದ್ದು ಹೀಗೆ. ಬೆರಳಿಗೂ ಶಟರಿಗೂ ನಡುವೆ ಯೋಚನೆ ಮಾಡುವವರು ಯಾರೂ ಇಲ್ಲ. ಸದ್ದೂ ಇಲ್ಲವೆನ್ನುವಷ್ಟು ಕಮ್ಮಿ, ಏಕೆಂದರೆ ಇದರ ಶಟರ್ ಲೆನ್ಸಿನೊಳಗೇ ಎಸಳುಗಳಂತೆ ಬಿಚ್ಚಿ ಮುಚ್ಚುತ್ತದೆ.

ಹಳೇ ಮುಖದ ಹೊಸ ಗಿರಾಕಿಗಳು

ಫ್ಯೂಜಿಫಿಲ್ಮ್ ಕೂಡ ಜೂಮ್ ಬಿಟ್ಟಿತು. ಅದರ ಜೊತೆಗೆ ಜೇಬನ್ನೂ ಅರ್ಧ ಬಿಟ್ಟಿತು. 2010ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಲೋನ್ ಮೇಳದಲ್ಲಿ ಎಕ್ಸ್100ನ್ನು ತೋರಿಸಿದಾಗ ಜನ ಅಜ್ಜನ ಕಾಲದ ಕ್ಯಾಮೆರಾ ಎದ್ದು ಬಂತೆಂದು ಬೆರಗಾದರು. ಮೇಲೆ ಶಟರ್ ತಿರುಗಣೆ, ಲೆನ್ಸ್ ಸುತ್ತ ಅಪರ್ಚರ್ ಬಳೆ, ಮೂಲೆಯಲ್ಲಿ ಗಾಜಿನ ಕಿಂಡಿ. 2011ರ ಮಾರ್ಚ್‌ನಲ್ಲಿ ಮಾರಾಟ ಶುರುವಾಯಿತು. ಅದೇ ತಿಂಗಳ 11ರಂದು ಈಶಾನ್ಯ ಜಪಾನನ್ನು ಭೂಕಂಪ ಅಲುಗಿಸಿತು. ಕ್ಯಾಮೆರಾ ತಯಾರಾಗುತ್ತಿದ್ದುದು ಅದೇ ಸೀಮೆಯ ಮಿಯಾಗಿ ಪ್ರಾಂತ್ಯದಲ್ಲಿ. ಕಾರ್ಖಾನೆ ಕೆಲಕಾಲ ನಿಂತಿತು. ಎಕ್ಸ್100ಕ್ಕೆ ಕಾಯುವ ಸಂಪ್ರದಾಯ ಹುಟ್ಟಿನಿಂದಲೇ ಬಂತು.

ಆ ಕಿಂಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರೊಳಗೆ ಕಣ್ಣಿಟ್ಟರೆ ಪರದೆಯಲ್ಲ, ನಿಜವಾದ ಬೀದಿಯೇ ಕಾಣುತ್ತದೆ. ಅದರ ಮೇಲೆ ಬೆಳಕಿನ ಚೌಕಟ್ಟೊಂದು ತೇಲುತ್ತಿರುತ್ತದೆ. ಚೌಕಟ್ಟಿನ ಆಚೆಯೂ ಸ್ವಲ್ಪ ಕಾಣುವುದರಿಂದ ಸೈಕಲಿನವನು ಚಿತ್ರದೊಳಗೆ ಬರುವುದಕ್ಕೆ ಮೊದಲೇ ಗೊತ್ತಾಗುತ್ತದೆ. ಮುಂದಿರುವ ಕೀಲನ್ನು ಬೆರಳಲ್ಲಿ ಎಳೆದರೆ ಅದೇ ಕಿಂಡಿ ಎಲೆಕ್ಟ್ರಾನಿಕ್ ಪರದೆಯಾಗಿ ಬದಲಾಗುತ್ತದೆ. ಕೈಗೆ ಸಿಕ್ಕಿದ ಹೊತ್ತಿನಲ್ಲಿ ನಾನು ಆ ಕೀಲನ್ನು ಸುಮ್ಮಸುಮ್ಮನೆ ಇಪ್ಪತ್ತು ಸಲ ಎಳೆದಿರಬೇಕು.

2020ರ ಐದನೆಯ ಆವೃತ್ತಿ ಎಕ್ಸ್100ವಿ ಟಿಕ್‌ಟಾಕ್ ಹುಡುಗರ ಕಣ್ಣಿಗೆ ಬಿದ್ದು, ಹೊಸದು ಸಿಗದೆ, ಹಳೆಯದೇ ಹೊಸದರ ಬೆಲೆಗಿಂತ ಹೆಚ್ಚಿಗೆ ಹೋಯಿತು. 2024ರ ಫೆಬ್ರುವರಿಯಲ್ಲಿ ಆರನೆಯದು ಬಂತು: 40 ಮೆಗಾಪಿಕ್ಸೆಲ್, ಕೈನಡುಕ ತಡೆಯುವ ವ್ಯವಸ್ಥೆ, 521 ಗ್ರಾಮ್ ತೂಕ. ಇವರ ಆಕರ್ಷಣೆ ಬಣ್ಣ. 1934ರಿಂದ ಫಿಲ್ಮ್ ಮಾಡುತ್ತ ಬಂದ ಕಂಪನಿ, ವೆಲ್ವಿಯಾದಂಥ ತನ್ನ ಹಳೆಯ ಫಿಲ್ಮುಗಳ ಬಣ್ಣದ ಹದವನ್ನು ಕ್ಯಾಮೆರಾದೊಳಗೇ ಇಟ್ಟಿದೆ. ಕಂಪ್ಯೂಟರಿನ ಮುಂದೆ ಕೂರದೆ, ತೆಗೆದ ಚಿತ್ರವನ್ನು ಹಾಗೇ ಹಾಕಬಹುದು. ಫಿಲ್ಮನ್ನು ಮುಟ್ಟಿಯೇ ನೋಡದ ಪೀಳಿಗೆ ಫಿಲ್ಮಿನ ಬಣ್ಣಕ್ಕೆ ದುಡ್ಡು ಕೊಡುತ್ತಿದೆ ಎಂದು ನಗುವವರಿದ್ದಾರೆ. ನನಗೆ ಅದರಲ್ಲಿ ನಗುವಂಥದ್ದು ಕಂಡಿಲ್ಲ. ಸೌದೆ ಒಲೆ ಊದದವರಿಗೂ ಅದರ ಮೇಲಿನ ಸಾರು ರುಚಿಸುತ್ತದೆ.

ಒಂದು ಸಣ್ಣ ಭಾಗಾಕಾರ

ಜಾಹೀರಾತಿನ ಅಂಕಿಗಳ ನಡುವೆ ದಿಕ್ಕು ತಪ್ಪಿದರೆ ಈ ಲೆಕ್ಕ ಮಾಡಿ. ಲೆನ್ಸಿನ ಮೇಲೆ ಬರೆದಿರುವ ನಿಜವಾದ ಮಿ.ಮೀ.ಯನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಬೆಳಕು ನುಗ್ಗುವ ರಂಧ್ರದ ಅಗಲ ಸಿಗುತ್ತದೆ. ನೋಟದ ಅಗಲ ಹೆಚ್ಚುಕಡಿಮೆ ಒಂದೇ ಆಗಿದ್ದಾಗ, ರಂಧ್ರ ದೊಡ್ಡದಿದ್ದದ್ದು ಕತ್ತಲಲ್ಲಿ ಗೆಲ್ಲುತ್ತದೆ.

ಜಿಆರ್: 18.3 ಭಾಗಿಸು 2.8, ಆರೂವರೆ ಮಿ.ಮೀ. ಮೊದಲ ಆರ್‌ಎಕ್ಸ್100: 10.4 ಭಾಗಿಸು 1.8, ಆರಕ್ಕೆ ತುಸು ಕಮ್ಮಿ. ಉದ್ದ ಜೂಮಿನ ಏಳನೆಯ ಆರ್‌ಎಕ್ಸ್100: ಅಗಲ ನೋಟದಲ್ಲಿ 9 ಭಾಗಿಸು 2.8, ಬರೀ 3.2! ಇವತ್ತಿನ ದುಬಾರಿ ಫೋನುಗಳ ಮುಖ್ಯ ಕ್ಯಾಮೆರಾದ ರಂಧ್ರವೇ 4 ಮಿ.ಮೀ. ಆಸುಪಾಸು. ಅಂದರೆ ರಾತ್ರಿ ಹೊತ್ತು ಅಗಲ ನೋಟದಲ್ಲಿ ಊಟದ ಪಂಕ್ತಿಯ ಚಿತ್ರ ತೆಗೆಯಲು ಆ ಸೋನಿ ಕ್ಯಾಮೆರಾ ಫೋನಿಗಿಂತ ಮೇಲೇನಲ್ಲ. ಅದರ ಬೆಲೆ ಹುಟ್ಟುವುದು ಜೂಮಿನ ಇನ್ನೊಂದು ತುದಿಯಲ್ಲಿ. ಅಲ್ಲಿ ರಂಧ್ರ 16 ಮಿ.ಮೀ., ಫೋನು ಹತ್ತಿರ ಸುಳಿಯುವುದಿಲ್ಲ. ಸೆಕೆಂಡಿಗೆ 20 ಚಿತ್ರದ ವೇಗವೂ ಇದೆ, ಓಡುವ ಮಕ್ಕಳಿಗೆ, ಹಾರುವ ಬೆಳ್ಳಕ್ಕಿಗೆ. ಫ್ಯೂಜಿಯದು 23 ಭಾಗಿಸು 2, ಹನ್ನೊಂದೂವರೆ. ನೋಟ ಜಿಆರ್‌ಗಿಂತ ಸ್ವಲ್ಪ ಕಿರಿದಾದ್ದರಿಂದ ಅಷ್ಟೂ ಲಾಭ ದಕ್ಕುವುದಿಲ್ಲ. ಆದರೂ ಸೆನ್ಸರಿಗೆ ತಲುಪುವ ಬೆಳಕು ಜಿಆರ್‌ನ ಎರಡರಷ್ಟು.

ಕೊಳ್ಳುವ ದಿನ

ನನ್ನ ಒಲವು ಜಿಆರ್ ಕಡೆಗೆ, ಮುಚ್ಚಿಡುವುದಿಲ್ಲ. 33 ಮಿ.ಮೀ. ದಪ್ಪದ ಅದು ಜೇಬಿನಲ್ಲಿ ಇರುತ್ತದೆ. 55 ಮಿ.ಮೀ. ದಪ್ಪದ ಎಕ್ಸ್100 ಕುತ್ತಿಗೆಯಲ್ಲಿ ಇರುತ್ತದೆ, ಕುತ್ತಿಗೆಯಲ್ಲಿದ್ದರೆ ಹೂವಿನಾಕೆಗೆ ಕಾಣುತ್ತದೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ನನ್ನ ಮಾತು ಕೇಳದೆ ಜೂಮಿನದೇ ಕೊಳ್ಳಿ. ವೇದಿಕೆಯ ಹತ್ತಿರ ಯಾರೂ ನಿಮ್ಮನ್ನು ಬಿಡುವುದಿಲ್ಲ.

ಇಂಥ ಕ್ಯಾಮೆರಾಗಳಲ್ಲಿ ಹಲವು ಸೆಕೆಂಡ್ ಹ್ಯಾಂಡಿನಲ್ಲೇ ಕೈಗೆ ಸಿಗುವುದರಿಂದ ಒಂದೆರಡು ಪರೀಕ್ಷೆ ಅಗತ್ಯ. ರಂಧ್ರವನ್ನು ಅತಿ ಕಿರಿದಿಗೆ ಇಟ್ಟು ಬಿಳಿಗೋಡೆಯ ಚಿತ್ರ ತೆಗೆದು, ಪರದೆಯಲ್ಲಿ ಹಿಗ್ಗಿಸಿ ನೋಡಿ. ಮಸುಕು ಮಸುಕಾದ ಚುಕ್ಕೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಂಡರೆ ಒಳಗೆ ಧೂಳು ಕೂತಿದೆ. ಕೊಳವೆ ಹೊರಬರುವ ಕ್ಯಾಮೆರಾವಾದರೆ ಹತ್ತು ಸಲ ಆನ್ ಮಾಡಿ ಆಫ್ ಮಾಡಿ, ಅಂಗಡಿಯವನು ಮುಖ ಗಂಟಿಕ್ಕಿದರೂ ಸರಿ, ಕಿವಿಗೊಟ್ಟು ಕೇಳಿ. ಕರ್ರೆನ್ನುವುದು ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ಉಳಿದದ್ದು ಜೇಬು. ಈ ಕ್ಯಾಮೆರಾಗಳ ಅಳತೆ ನಿರ್ಧರಿಸಿದವರು ಚೂಡಿದಾರ ಹೊಲಿಸಿದವರಲ್ಲ ಎಂಬುದು ಸ್ಪಷ್ಟ. ಜೇಬಿಲ್ಲದವರು ದಿನಾ ಹಿಡಿಯುವ ವ್ಯಾನಿಟಿ ಬ್ಯಾಗನ್ನೇ ಅಂಗಡಿಗೆ ಒಯ್ಯಿರಿ. ಜೇಬಿರುವವರು, ಬಿಲ್ ಹಾಕಿಸುವ ಮೊದಲು, ವಾರದಲ್ಲಿ ಐದು ದಿನ ತೊಡುವ ಆ ಪ್ಯಾಂಟಿನ ಮುಂದಿನ ಜೇಬಿಗೆ ಅದನ್ನು ಇಳಿಬಿಟ್ಟು, ಅಂಗಡಿಯ ಸ್ಟೂಲಿನ ಮೇಲೆ ಒಮ್ಮೆ ಕೂತು ಎದ್ದು ನೋಡಿ.